ಓಣಿಯ ಕಡೆಯ ಕಿಟಕಿ

‘ಭಯ ಎಲ್ಲಿದೆ, ನಕ್ಷೆಯಲ್ಲಿ ತೋರಿಸಿ’
ಅಂದ ಎಂಜಿನಿಯರು ಹುಡುಗ.
ಸೆಂಗಾ ಪೆನ್ಸಿಲು ಮುಟ್ಟಲಿಲ್ಲ.
ರಟ್ಟೆ ಹಿಡಿದು ಕರೆದೊಯ್ದು ನಿಲ್ಲಿಸಿದಳು
ಕಸದ ತೊಟ್ಟಿಗಳಾಚೆ, ಗೋಡೆ ತಿರುಗುವಲ್ಲಿ.
ಗ್ಲಾಸ್ಗೋದ ಡಿಸೆಂಬರು; ನಾಲ್ಕಕ್ಕೇ ಕತ್ತಲು.
‘ಇಲ್ಲಿ. ಹದಿನೇಳು ವರ್ಷ
ಬೀಗದ ಕೈ ಮುಷ್ಟಿಯಲ್ಲಿ ಬಿಗಿದು
ಉಸಿರು ಬಿಡದೆ ದಾಟಿದ್ದೇನೆ.’

ಗೋಡೆ ಸೊಂಟಕ್ಕಿಳಿಯಿತು.
ಅಡುಗೆಮನೆಯ ಕುರುಡು ಬದಿಗೆ
ಕಿಟಕಿ ಬಂತು, ಓಣಿಯ ಕಡೆಗೆ.
ಕ್ಯಾಮೆರಾ ಮಾತ್ರ ಬೇಡವೆಂದಳು:
ಅದು ಯಾರನ್ನೂ ಹೆಸರು ಹಿಡಿದು ಕೂಗುವುದಿಲ್ಲ.

ಈಗ ಆಲೂಗಡ್ಡೆ ಸುಲಿಯುತ್ತ ನೋಡುತ್ತಾಳೆ.
ಮುಸುಕು ಟೋಪಿಯ ಆ ಉದ್ದನೆಯವನು
ಕಿಟಕಿ ಹತ್ತಿರವಾದಂತೆ
ನೆಗಡಿಯಿಲ್ಲದಿದ್ದರೂ ಕೆಮ್ಮುತ್ತಾನೆ,
ನಾನೇ ಕಣಮ್ಮಾ ಎಂಬಂತೆ.

ಮೊನ್ನೆ ನಿಂತು ಹೇಳಿದ:
ಆ ತಿರುವಿನಲ್ಲಿ ಅವಳ ಹೆಜ್ಜೆ ಕೇಳಿ
ಅವನೂ ಎಷ್ಟೋ ರಾತ್ರಿ
ಹಿಂದಕ್ಕೆ ಓಡಿದ್ದನಂತೆ.