ಲೋಕಾಪುರ ದಾಟಿದ ಮ್ಯಾಲ

ಕಬ್ಬಿನ ಟ್ರ್ಯಾಕ್ಟರ್ ಗಾಲಿ ಉದುರಿಸಿದ ಎರಿಮಣ್ಣು,
ಅದರ ಮ್ಯಾಲ ಹತ್ತು ನಿಮಿಷದ ಅಡ್ಡಮಳಿ.
ತಿರುವಿನಾಗ ಕುರಿ ಹಿಂಡು.
ಬ್ರೇಕ್ ಒತ್ತಿದೆ.
ಗಾಲಿ ನಿಂತ್ವು. ಗಾಡಿ ನಿಂದ್ರಲಿಲ್ಲ.

ಹಿಂದಿನ ಸೀಟಿನಾಗ ನೆಗೆಣ್ಣಿ ಶಾವಂತ್ರೆವ್ವ
ಮಸರಿನ ಗಡಗಿ ತಬ್ಬಿಕೊಂಡು
"ಹಿಡಿ, ಹಿಡಿ" ಅಂದ್ಲು.
ಯಾವುದನ್ನ?

ಡಾಂಬರು ಎಣ್ಣಿ ಹಚ್ಚಿದ ಹಂಚು.
ಕಿಟಕಿಯೊಳಗ ಒಂದು ಹೊಲ ಅಡ್ಡಡ್ಡ ಬಂತು,
ಸೂರ್ಯಪಾನದ ಹೂವೆಲ್ಲಾ
ಸೂರ್ಯನ್ನ ಬಿಟ್ಟು ನನ್ನ ನೋಡಿದ್ವು.

ಗಾಡಿ ಕಲಿಸುವಾಗ ಗ್ಯಾರೇಜಿನ ನಬಿಸಾಬ
ಬೀಡಿ ಕಿವಿಗೆ ಸಿಗಿಸಿಕೊಂಡು ಹೇಳಿದ್ದ:
"ಅಕ್ಕಾರ, ಹೆದರಿದ ಕಾಲು ತುಳೀತೈತ್ರಿ.
ಮೊದಲ ಅದನ್ನ ಎತ್ರಿ.
ಹಿಂದಿನ ಗಾಲಿ ಎತ್ತ ಓಡತೈತಿ, ಸ್ಟೇರಿಂಗ್ ಅತ್ತ.
ಗಿಡಾ ನೋಡಬ್ಯಾಡ್ರಿ, ಹಾದಿ ನೋಡ್ರಿ."

ಮೂವತ್ತು ವರ್ಷ ಎಲ್ಲಾನೂ ಒತ್ತಿ ನಿಲ್ಲಿಸಿದಾಕಿ ನಾನು,
ಉಕ್ಕೂ ಹಾಲು, ಮನಿ ಜಗಳ, ನನ್ನದ ಬಿಕ್ಕು.
ಬಿಟ್ಟೆ.
ಅರೆಗಳಿಗೆ ಆ ಗಾಡಿ ಯಾರದೂ ಅಲ್ಲ.
ಆಮ್ಯಾಲ ಗಾಲಿ ನೆಲ ಕಚ್ಚಿದ ಸಣ್ಣ ಸದ್ದು
ಕಿವಿಗಿಂತ ಮೊದಲ ಅಂಗೈಗೆ ಕೇಳಿತು.

ಕುರಿ ಕಾಯೋ ಹುಡುಗ ಬಡಿಗಿ ಎತ್ತಿ ಬೈದ.
ಕುರಿ ಒಂದೂ ತಲಿ ಎತ್ತಲಿಲ್ಲ.
ನನ್ನ ಮೊಣಕಾಲು ಇನ್ನೂ ನಡಗತಿತ್ತು,
ಶಾವಂತ್ರೆವ್ವ ಗಡಗಿ ಮುಚ್ಚಳ ತೆಗೆದು ಇಣುಕಿ
"ಬೆಣ್ಣಿ ಬಂದೈತಿ ನೋಡವಾ" ಅಂದ್ಲು.