ಇಳಿತದ ಹೊತ್ತು

ದಾವಣಗೆರೆ ಚೌಕಿಪೇಟೆ, ಓಣಿ ಕೊನೆಗೆ
ಹಾಲೇಶಣ್ಣನ ಸ್ಟುಡಿಯೋ. ಗೋಡೆ ತುಂಬ ಕಡಲು.
ಬಿಳಿ ಬಂಡೆ ಸಾಲಿಗೆ ಬಳಪದ ಪುಡಿ, ಸುಣ್ಣ, ಒಂದಿಷ್ಟು ಗೋಂದು;
ಯಾವುದೋ ಕ್ಯಾಲೆಂಡರ್ ನೋಡಿ ಬರೆದದ್ದು.
ಅವನು ಕಂಡ ದೊಡ್ಡ ನೀರು ಸೂಳೆಕೆರೆ.

ಆಷಾಢದಲ್ಲಿ ತಳದಿಂದ ತೇವ ಏರುತ್ತದೆ,
ಅಲೆ ಮೊಣಕಾಲುದ್ದ.
ಬೇಸಿಗೆಗೆ ಇಳಿತ. ಬಂಡೆ ಹಕ್ಕಳೆ ಹಕ್ಕಳೆ ಉದುರಿ
ಸ್ಟೂಲಿನ ಕೆಳಗೆ ಬಿಳಿ ದಂಡೆ.
'ಗುಡಿಸಬ್ಯಾಡ' ಅಂತಾನೆ ನನಗೆ,
'ಫೋಟೋದಾಗೆ ಮರಳು ಅನ್ನಿಸ್ತತಿ.'

ಇವತ್ತು ಮಂಡಕ್ಕಿ ಭಟ್ಟಿಯಿಂದ ಜರೀನಾಬಿ ಬಂದಳು,
ಸೆರಗಲ್ಲಿ ಹೊಟ್ಟಿನ ಬೂದಿ,
ರೇಷನ್ ಕಾರ್ಡಿಗೆ ಪಾಸ್‌ಪೋರ್ಟ್ ಸೈಜು.
ನೀಲಿ ಪರದೆ ಬೇಡವಂತೆ.
ಎದೆಮಟ್ಟ ಅಷ್ಟೇ ಬರೋದು ಅಂದರೂ

ಕಡಲಿಗೆ ಬೆನ್ನು ಹಾಕಿ ಕೂತವಳು
ಕ್ಲಿಕ್ಕಿಗೆ ಮುಂಚೆ
ಚಪ್ಪಲಿ ಬಿಟ್ಟು
ನಿರಿಗೆಯನ್ನು ಎರಡು ಬೆರಳು ಮೇಲೆತ್ತಿಕೊಂಡಳು.