ಮೂರನೇ ಪಾಳಿ

ಮಂಡಿಪೇಟೆಯ ಹಿಂದಿನ ಓಣಿಯಲ್ಲಿ
ನನ್ನದೊಂದು ಕ್ಯಾಸೆಟ್ಟಂಗಡಿ ಇತ್ತು, ಎಂಟಡಿ ಅಗಲ.
ಎರಡು ಡೆಕ್ಕು, ಒಂದು ಫ್ಯಾನು,
ಉದ್ರಿ ಬರೆಯುವ ಪುಸ್ತಕ ಮೂರು.

ಒಂದು ಸಂಜೆ ನಾಲ್ವರು ಬಂದು ನಿಂತರು, ಅಂಗಡಿ ತುಂಬಿತು.
ಓಬಳೇಶ, ಮುಚ್ಚಿದ ಗಿರಣಿಯ ಜಾಬರನ ಮಗ,
ಗೋಣಿಚೀಲದಲ್ಲಿ ಗಿಟಾರು.
ದಾದಾಪೀರ, ಭಟ್ಟಿಯಲ್ಲಿ ಮಂಡಕ್ಕಿ ಹುರಿಯುವವ;
ಕಾದ ಮರಳಲ್ಲಿ ಕೈಯಾಡಿಸಿ ಆಡಿಸಿ
ತೋಳಿಗೇ ತಾಳ ಅಂಟಿಕೊಂಡಿತ್ತು,
ಉಗುರಲ್ಲಿ ಟೈರು ಸುಟ್ಟ ಮಸಿ.
ಹಾಲಸ್ವಾಮಿಯ ಬೇಸಿಗೆ ಮೂರೇ ತಂತಿ,
ನಾಲ್ಕನೆಯದಕ್ಕೆ ದುಡ್ಡು ಹೊಂದಿರಲಿಲ್ಲ.
ಹಾಡುವವಳು ಎಸ್ತೇರ್, ಟೈಪಿಂಗ್ ಕಲಿಸುತ್ತಿದ್ದಳು,
ಏನಾದರೂ ಕೇಳಿದರೆ
ಉತ್ತರಕ್ಕೆ ನಾವೇ ಬಗ್ಗಬೇಕು.

ಗಿರಣಿಯ ಗೋದಾಮಿನಲ್ಲಿ ಹನ್ನೊಂದು ರಾತ್ರಿ ರೆಕಾರ್ಡು.
ಕಾವಲುಗಾರನಿಗೆ ದಿನಕ್ಕೊಂದು ಕಟ್ಟು ಬೀಡಿ.
ಗಿಟಾರು ತೀರಾ ಮರ್ಯಾದಸ್ಥ ಆಯಿತೆಂದು
ಓಬಳೇಶ ದಬ್ಬಣ ತೆಗೆದು
ಬಾಡಿಗೆ ಸ್ಪೀಕರಿನ ಕಾಗದಕ್ಕೆ ಏಳು ತೂತು ಹೊಡೆದ.
ಆಮೇಲೆ ಗೊರಗುಟ್ಟಿತು ನೋಡಿ,
ಹತ್ತಿಯ ಅಂಡಿಗೆ ಅಡ್ಡಡ್ಡ ಹರಿದಂತೆ,
ಹಲ್ಲಿನ ಚಕ್ರ ಇನ್ನೊಂದು ಹಲ್ಲನ್ನು ಕಚ್ಚಿ ಹಿಡಿದಂತೆ.
(ಮೈಕ್‌ಸೆಟ್ಟಿನವನಿಗೆ ಇನ್ನೂರ ಎಂಬತ್ತು ದಂಡ.
ಕಟ್ಟಿದವನು ನಾನು.)

ಎಸ್ತೇರ್ ಬಾಯಿ ತೆರೆದಳು.
ತಗಡಿನ ಕೆಳಗಿದ್ದ ಪಾರಿವಾಳ ಅಷ್ಟೂ ಎದ್ದವು.
ಆ ರೆಕ್ಕೆಯ ಸದ್ದು ಮೂರನೇ ಹಾಡಿನಲ್ಲಿ ಈಗಲೂ ಇದೆ,
ಹಾಡು ಎಲ್ಲಾದರೂ ಇದ್ದರೆ.

ಕಡೆಯದು ‘ಮೂರನೇ ಪಾಳಿ’, ಏಳು ನಿಮಿಷ.
ಮೂರು ನಿಮಿಷ ಅವಳದು,
ರಾತ್ರಿ ಎಚ್ಚರವಿದ್ದು ರೂಢಿಯಾದ ಅಪ್ಪಂದಿರು
ಕೆಲಸ ಹೋದ ಮೇಲೂ ಮಲಗಲಾರದೆ
ಅಂಗಳದಲ್ಲಿ ಕೂತಿರುವ ಮಾತು.
ಉಳಿದ ನಾಲ್ಕು ನಿಮಿಷ ಮಾತಿಲ್ಲ.
ಸೈರನ್ನು ಸತ್ತ ಊರಿಗೆ
ಓಬಳೇಶನ ಆರನೇ ತಂತಿಯೇ ಸೈರನ್ನು.

ಐನೂರು ಪ್ರತಿ ಮಾಡಿದೆವು. ಹೋದದ್ದು ಮೂವತ್ತೊಂದು,
ಅದರಲ್ಲಿ ಒಂಬತ್ತು ಭಟ್ಟಿ ಸಾಲಿನವರೇ.
‘ಏನಪ್ಪ ಇದು, ಟೇಪು ಸಿಕ್ಕಾಕ್ಕೊಂಡೈತೇನು?’
ಎಂದು ವಾಪಸು ತಂದವರು ಇಬ್ಬರು.
ಬೆಂಗಳೂರಿನ ಕಂಪನಿ ಪಾರ್ಸಲ್ಲು ಬಿಚ್ಚಲೇ ಇಲ್ಲ,
ತಿರುಗಿ ಬಂದದ್ದರ ಅಂಚೆ ಖರ್ಚೂ ನಮ್ಮ ತಲೆಗೆ.

ನಾನು ರಾಗ ಬಲ್ಲವನಲ್ಲ.
ಆದರೆ ಇಪ್ಪತ್ತಾರು ವರ್ಷ ಆ ಎಂಟಡಿಯಲ್ಲಿ ಕೂತು
ಬೇಕಾದ್ದು ಬೇಡಾದ್ದು ಎಲ್ಲ ಕೇಳಿದ್ದೇನೆ.
ಡೆಕ್ಕಿನ ಮುಳ್ಳು ಕೆಂಪಿಗೆ ಹೋಗಿ
ಅಲ್ಲೇ ನಡುಗುತ್ತ ನಿಂತದ್ದು ಅದೊಂದಕ್ಕೇ.

ಚುನಾವಣೆ ಬಂತು. ತಕ್ಕಡಿ ಗುರುತಿನ ಪಕ್ಷೇತರನ ಕಡೆಯವ
ಗಲ್ಲೆಯ ಮೇಲೆ ನೋಟಿಟ್ಟ:
ನಾಳೆ ಬೆಳಗ್ಗೆಗೆ ಕ್ಯಾಸೆಟ್ಟು ಬೇಕು, ಭಾಷಣ ತುಂಬಿದ್ದು.
ಅಟ್ಟದ ಮೇಲೆ ಇದ್ದವಲ್ಲ.
ಮುರಿದ ಕಿವಿಗಳಿಗೆ ಅಂಟುಕಾಗದ ಹಚ್ಚಿ ಹಚ್ಚಿ
ಬೆಳಗಿನ ತನಕ ಅವರನ್ನು ನಾನೇ ಅಳಿಸಿದೆ,
ಎ ಬದಿ, ಬಿ ಬದಿ.
ಪಾರಿವಾಳ ಹೋದವು. ಎಸ್ತೇರ್ ಹೋದಳು.

ಭಾಷಣ ಇಪ್ಪತ್ತಾರು ನಿಮಿಷ,
ಟೇಪಿನ ಬದಿ ಮೂವತ್ತು.

ಆನಗೋಡು, ಅಣಜಿ, ಮಾಯಕೊಂಡದ ಹಾದಿಯಲ್ಲಿ
‘ನಿಮ್ಮ ಅಮೂಲ್ಯವಾದ ಮತವನ್ನು’ ಎಂದು ಕೈಮುಗಿದು
ದನಿ ಅಡಗಿದ ಮೇಲೆ
ಒಂದು ಚರಚರ,
ಆಮೇಲೆ ಆಟೋದ ನೆತ್ತಿಯ ಹಾರ್ನಿನಿಂದ
ಗಿಟಾರು.
ಎತ್ತು ಬೆದರಿ ನೊಗ ಕಳಚಿದವಂತೆ.
ಶಾಲೆ ಬಿಟ್ಟ ಹುಡುಗರು ದೂಳು ಕುಡಿಯುತ್ತ ಹಿಂದೆ ಓಡಿದರಂತೆ.
ಅಣಜಿಯಲ್ಲಿ ಒಬ್ಬ ಮುದುಕಿ ಆಟೋ ತಡೆದು
‘ಆ ಕೊನೀದು ಇನ್ನೊಂದ್ಸಲ ಹಚ್ಚಪ್ಪ’ ಎಂದಳಂತೆ.
ತಕ್ಕಡಿಯವನ ಠೇವಣಿ ಹೋಯಿತು.

ಓಬಳೇಶ ಆ ದಿನಗಳಲ್ಲಿ ಇನ್ನೊಬ್ಬನ ಪೋಸ್ಟರು ಅಂಟಿಸುತ್ತಿದ್ದ.
ನಡುಬೀದಿಯಲ್ಲಿ ಕೇಳಿದ, ತನ್ನದೇ.
ರಾತ್ರಿ ಅಂಗಡಿಗೆ ಬಂದ, ಕೈಯಲ್ಲಿ ಮೈದಾ ಅಂಟಿನ ಬಕೀಟು.
ಹೊಡೆಯಲಿ ಎಂದುಕೊಂಡೇ ಎದ್ದು ನಿಂತೆ.

‘ಎಷ್ಟು ಆಟೋ?’ ಎಂದ.
ಹದಿನಾಲ್ಕು ಎಂದೆ.
‘ಎಷ್ಟು ದಿನ?’
ಹನ್ನೆರಡು.

ಬಕೀಟು ಕೆಳಗಿಟ್ಟು,
ತುಟಿಯಲ್ಲೇ ಗುಣಿಸತೊಡಗಿದ.